ಮೈಗಳ್ಳಿ ಎನಿಸಿಕೊಂಡ ಕಸ್ತೂರಬಾಯಿ

ಸೊಲ್ಲಾಪುರದ ಬಾಳಿವೇಸದಲ್ಲಿ ಕಸ್ತೂರಬಾಯಿ ಮೈಗಳ್ಳಿ ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಅದನ್ನು ಎದುರಿಗೆ ನಿಂತು ಅನ್ನುತ್ತಿದ್ದವಳು ಒಬ್ಬಳೇ, ಆಕೆಯ ನೆಗೆಣ್ಣಿ ಲಕ್ಷ್ಮೀಬಾಯಿ. ಉಳಿದವರೆಲ್ಲ ಬೆನ್ನ ಹಿಂದೆ ಅಂದರು. ಹಿಂದೆ ಅಂದವರ ಮಾತು ಕಸ್ತೂರಬಾಯಿಗೆ ತಾಗಲಿಲ್ಲ. ಎದುರಿಗೆ ಅಂದವಳ ಮಾತಿಗಾಗಿ ಮಾತ್ರ ಆಕೆ ಹನ್ನೆರಡು ವರ್ಷ ಹಂಬಲಿಸಿದಳು.

ಮನೆತನ ಚಾದರ ವ್ಯಾಪಾರದ್ದು. ಮಂಗಳವಾರ ಪೇಟೆಯಲ್ಲಿ ಅಂಗಡಿ. ಹಿರಿಯ ಚನ್ನವೀರಪ್ಪ, ಕಿರಿಯ ಬಸಣ್ಣ, ಇಬ್ಬರೇ ಅಣ್ಣತಮ್ಮಂದಿರು. ಚನ್ನವೀರಪ್ಪನ ಹೆಂಡತಿ ಲಕ್ಷ್ಮೀಬಾಯಿ ಮೈಂದರ್ಗಿಯ ಗೌಡರ ಮಗಳು. ಎತ್ತರದ ಆಳು, ಅಗಲ ಎಲುಬು, ಬಾಯಿ ತೆರೆದರೆ ಮೂರು ಮನೆ ಆಚೆ ಕೇಳಬೇಕು. ಬಸಣ್ಣನ ಹೆಂಡತಿ ಕಸ್ತೂರಬಾಯಿ ವಾಗದರಿಯಿಂದ ಬಂದವಳು. ಗಾಳಿ ಬಂದರೆ ಬಾಗುವ ಕಡ್ಡಿ. ಇವರಿಬ್ಬರೂ ಒಂದೇ ಒಲೆಯ ಮುಂದೆ ಕೂತು ಒಂದೇ ಬುಟ್ಟಿಗೆ ಭಕ್ಕರಿ ಹಾಕಿದವರು. ಲಕ್ಷ್ಮೀಬಾಯಿ ಬಡಿಯುವಳು, ಕಸ್ತೂರಬಾಯಿ ಸುಡುವಳು. ಅದು ಎಂದೂ ಅದಲುಬದಲಾಗಲಿಲ್ಲ. ಶೇಂಗಾ ಸುಲಿಯುವುದು, ಜೋಳ ಹಸನು ಮಾಡುವುದು, ಬತ್ತಿ ಹೊಸೆಯುವುದು, ಅಂದರೆ ಕೂತು ಮಾಡುವ ಕೆಲಸ ಯಾವುದಿದ್ದರೂ ಕಸ್ತೂರಬಾಯಿ ಮೊದಲೇ ಹೋಗಿ ಅದರ ಮುಂದೆ ಕೂತುಬಿಡುವಳು. ಹೊರುವುದು, ಎತ್ತುವುದು, ಕುಟ್ಟುವುದು, ಓಡಾಡುವುದು ಲಕ್ಷ್ಮೀಬಾಯಿಯ ತಲೆಗೆ.

"ಏ ಮೈಗಳ್ಳಿ, ಶೇಂಗಾ ಸುಲದು ಸುಲದು ಉಗುರು ಸವದಾವೇನ? ಎಣ್ಣಿ ಹಚ್ಚಲೇನ ನಿನ್ನ ಕೈಗಿ?" ಎಂದು ಲಕ್ಷ್ಮೀಬಾಯಿ ಕೊಡ ಹೊತ್ತು ದಾಟಿ ಹೋಗುವಾಗ ಕೇಳುವಳು. ಕಸ್ತೂರಬಾಯಿ ನಗುವಳು. ಲಕ್ಷ್ಮೀಬಾಯಿಯೂ ನಗುವಳು. ಸಂಜೆ ತಾನೇ ಆಕೆಯ ತಲೆ ಬಾಚಿ ಹೆರಳು ಹಾಕುವಳು. ತನ್ನ ಪಾಲಿನ ಕೆನೆಯನ್ನು ಯಾರಿಗೂ ಕಾಣದಂತೆ ಆಕೆಯ ಬಟ್ಟಲಿಗೆ ಜಾರಿಸುವಳು. ಹುಡುಗಿ ಸೋಮಾರಿ, ಆದರೂ ತನ್ನ ಹುಡುಗಿ ಎಂಬ ಲೆಕ್ಕ ಆಕೆಯದು.

ಆದರೆ ಕಸ್ತೂರಬಾಯಿ ಸೋಮಾರಿಯಾಗಿರಲಿಲ್ಲ.

ವಾಗದರಿಯಲ್ಲಿ ಕೂಸಾಗಿದ್ದಾಗಿನಿಂದ ಆಕೆಗೆ ದಮ್ಮು ಹತ್ತುತ್ತಿತ್ತು. ಮೊಲೆ ಕುಡಿಯುವಾಗ ಬಿಟ್ಟುಬಿಟ್ಟು ಉಸಿರು ಎಳೆಯುತ್ತಿದ್ದ ಕೂಸಿಗೆ ಊರಿನ ಮುದುಕಿಯೊಬ್ಬಳು ಎದೆಯ ಮೇಲೆ ಸಾಲಾಗಿ ಬರೆ ಹಾಕಿದಳು. ಆ ಕಾಲಕ್ಕೆ ಆ ಸೀಮೆಯಲ್ಲಿ ಅದೇ ಔಷಧ. ಕೂಸು ಬದುಕಿತು, ಬರೆಗಳು ಉಳಿದವು, ದಮ್ಮೂ ಉಳಿಯಿತು. ಮದುವೆಯಾಗಿ ಸೊಲ್ಲಾಪುರಕ್ಕೆ ಹೊರಟ ದಿನ ತಾಯಿ ಗುರಮ್ಮ ಮಗಳನ್ನು ಕಣಜದ ಮರೆಗೆ ಕರೆದು ಹೇಳಿದ ಮಾತು ಇಷ್ಟೇ: "ದಮ್ಮು ಹತ್ತತದ ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡ. ಮೈಗಳ್ಳಿ ಅಂದ್ರ ಅನ್ಲಿ, ಬಾಳೇವು ಉಳೀತದ. ರೋಗಿಷ್ಠಿ ಅಂದ್ರ ತಂದು ನನ್ನ ಬಾಗಲಾಗ ಬಿಟ್ಟು ಹೋಗ್ತಾರ."

ಗುರಮ್ಮ ಕೆಟ್ಟವಳಲ್ಲ. ಊರಲ್ಲಿ ಹಾಗೆ ಬಾಗಿಲಿಗೆ ಬಂದು ಬಿದ್ದ ಹೆಣ್ಣುಮಕ್ಕಳನ್ನು ಕಂಡವಳು. ಮಗಳು ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಗಂಡ ಎದೆಯ ಗುರುತು ಕಂಡು ಕೇಳಿದಾಗ, ಸಣ್ಣವಳಿದ್ದಾಗ ಬಿಸಿ ಹಾಲು ಬಿತ್ತು ಅಂದಳು. ನಾಲ್ಕು ಮಂದಿಯಲ್ಲಿ ಏದುಸಿರು ಬಂದರೆ ಸೆರಗಿನಿಂದ ಬಾಯಿ ಮುಚ್ಚಿ ಆಕಳಿಸಿದಂತೆ ಮಾಡಿದಳು. ಆಕಳಿಕೆ ನೋಡಿದವರು ಮೈಗಳ್ಳಿ ಅನ್ನದೆ ಇನ್ನೇನು ಅಂದಾರು? ಅನ್ನಲಿ ಎಂದೇ ಆಕೆ ಆಕಳಿಸಿದ್ದು. ನಿತಿನನನ್ನು ಹೆತ್ತಾಗ ಆಕೆಯ ಜೀವ ತುದಿ ಮುಟ್ಟಿ ಬಂತು. ಆಗಲೂ ತುಟಿ ಪಿಟಕ್ಕೆನ್ನಲಿಲ್ಲ.

ಸೊಲ್ಲಾಪುರದಲ್ಲಿ ನಳದ ನೀರು ದಿನವೂ ಬರುವುದಿಲ್ಲ. ನಾಲ್ಕು ದಿನಕ್ಕೋ ಐದು ದಿನಕ್ಕೋ ಬಂದಾಗ ಓಣಿಗೆ ಓಣಿಯೇ ಎದ್ದು ಓಡಾಡುತ್ತದೆ. ಮನೆಯ ಹಂಡೆ, ಕೊಳಗ, ಪಿಪಾಯಿ, ಕಡೆಗೆ ಚಹದ ಪಾತ್ರೆ ಕೂಡ ತುಂಬಬೇಕು. ಆ ಮನೆಯಲ್ಲಿ ಕಸ್ತೂರಬಾಯಿ ನಳದ ಕಟ್ಟೆಯ ಮೇಲೆ ಕೂತು ತುಂಬಿಸುವಳು, ಲಕ್ಷ್ಮೀಬಾಯಿ ಹೊರುವಳು. ಒಂದು ಬೇಸಿಗೆ ನೀರು ಬಂದ ದಿನ ಲಕ್ಷ್ಮೀಬಾಯಿಗೆ ಸೊಂಟ ಹಿಡಿದಿತ್ತು. ಆಕೆ ನರಳುತ್ತ ಹೊರುವುದನ್ನು ನೋಡಲಾರದೆ ಕಸ್ತೂರಬಾಯಿ, ತಾನು ಅಕ್ಕ ಎಂದೇ ಕರೆಯುತ್ತಿದ್ದ ನೆಗೆಣ್ಣಿ ಪಡಸಾಲೆಯ ಒಳಗೆ ಹೋದಾಗಲೆಲ್ಲ ತಾನೇ ಒಂದೊಂದು ಕೊಡ ಎತ್ತಿ ಬಚ್ಚಲ ಹಂಡೆಗೆ ಸುರುವಿ ಬಂದು ಕಟ್ಟೆಯ ಮೇಲೆ ಕೂತಳು. ಅಕ್ಕನಿಗೆ ಗೊತ್ತಾಗಬಾರದು, ಭಾರ ಮಾತ್ರ ಕಡಿಮೆಯಾಗಬೇಕು. ಹೀಗೆ ಮಾಡುತ್ತ ಮಾಡುತ್ತ ಎದೆಯೊಳಗೆ ಕುದುರೆ ಓಡತೊಡಗಿತು. ಕಣ್ಣ ಮುಂದೆ ಕತ್ತಲೆ ಸುತ್ತಿತು. ಅದೇ ಗಳಿಗೆಗೆ ಲಕ್ಷ್ಮೀಬಾಯಿ ಅಂಗಳದ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ಕೈ ಕೆಳಗೆ ಸಿಕ್ಕು ಮಣಿಕಟ್ಟು ಮುರಿಯಿತು.

"ಕಸ್ತೂರಿ, ಬಾ, ಎಬ್ಬಸು" ಎಂದು ಕರೆದಳು.

ಕಸ್ತೂರಬಾಯಿ ಏಳಲಿಲ್ಲ. ಏಳುವುದು ಆಗಲಿಲ್ಲ. ಗೋಡೆಗೆ ಕೈ ಕೊಟ್ಟು ಕೂತೇ ಇದ್ದಳು, ಸೆರಗು ಬಾಯಿಗೆ. ಲಕ್ಷ್ಮೀಬಾಯಿ ನೆಲದ ಮೇಲೆ ಬಿದ್ದುಕೊಂಡೇ ಅದನ್ನು ನೋಡಿದಳು. ಪಕ್ಕದ ಮನೆಯವರು ಬಂದು ಎತ್ತಬೇಕಾಯಿತು.

ಪ್ಲಾಸ್ಟರ್ ಬಿಚ್ಚುವ ತನಕ ಲಕ್ಷ್ಮೀಬಾಯಿ ಒಂದು ಮಾತೂ ಆಡಲಿಲ್ಲ. ಬಿಚ್ಚಿದ ಮೇಲೆ ಗಂಡನಿಗೆ, ಈ ಮನೆಯ ನೀರು ನನಗೆ ಸಾಕು ಅಂದಳು. ಚನ್ನವೀರಪ್ಪ ಅಕ್ಕಲಕೋಟದಲ್ಲಿ, ಸ್ವಾಮಿಯ ದರ್ಶನಕ್ಕೆ ಬರುವ ಮಂದಿಗೆ ಚಾದರ, ಟವೆಲು ಮಾರುವ ಅಂಗಡಿ ಹಾಕಿ ಅಲ್ಲಿಗೇ ಸಂಸಾರ ಸಾಗಿಸಿದ. ಅಣ್ಣತಮ್ಮಂದಿರಲ್ಲಿ ಕೂದಲೆಳೆಯಷ್ಟೂ ಮನಸ್ತಾಪ ಬರಲಿಲ್ಲ. ವಾರಕ್ಕೊಮ್ಮೆ ಮಾಲು ಹೋಯಿತು, ಅಣ್ಣ ಬಂದು ತಮ್ಮನ ಮನೆಯಲ್ಲಿ ಉಂಡು ಹೋದ. ಲಕ್ಷ್ಮೀಬಾಯಿ ಮಾತ್ರ ಬರಲಿಲ್ಲ. ಬೀಗರ ಮದುವೆಗಳಲ್ಲಿ ಕಣ್ಣಿಗೆ ಬಿದ್ದರೆ, "ಬರ್ರಿ ಕಸ್ತೂರಬಾಯಿ, ಆರಾಮಿದ್ದೀರಿ?" ಎಂದು ಕೇಳುವಳು. ಪರಕೀಯರನ್ನು ಕೇಳುವಷ್ಟು ಮರ್ಯಾದೆಯಿಂದ. ಮದುವೆಮನೆಯಿಂದ ಬಂದ ದಿನ ಆಕೆ ಉಣ್ಣುತ್ತಿರಲಿಲ್ಲ. ಬಸಣ್ಣ ಕೇಳಿದರೆ ಅಲ್ಲೇ ಬಾಳ ಉಂಡೆ ಅನ್ನುವಳು.

ಹನ್ನೊಂದು ವರ್ಷ ಹೀಗೇ ಸರಿಯಿತು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಕಾಯಿಪಲ್ಲೆಯ ಪೇಟೆಯಲ್ಲಿ ಕಸ್ತೂರಬಾಯಿ ಮೆಂತೆಯ ಸಿವುಡು ಕೈಯಲ್ಲಿ ಹಿಡಿದಂತೆಯೇ ನೆಲಕ್ಕೆ ಕುಸಿದಳು. ನಿತಿನ ಹೊತ್ತುಕೊಂಡು ಹೋಗಿ ಹೃದಯದ ಡಾಕ್ಟರರ ಮುಂದೆ ಮಲಗಿಸಿದ. ಡಾಕ್ಟರು ಜತ್ತದ ಕಡೆಯ ಹುಡುಗಿ, ಕನ್ನಡ ಬಲ್ಲವಳು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಬರೆಗಳನ್ನು ನೋಡಿ ಇವು ಏನು ಅಂದಳು. ಕಸ್ತೂರಬಾಯಿ ರೂಢಿಯಂತೆ ಬಿಸಿ ಹಾಲಿನ ಕಥೆ ಹೇಳಿದಳು.

"ಹಾಲು ಹಿಂಗ ಸಾಲು ಹಿಡದು ಬೀಳಂಗಿಲ್ರಿ, ಕಾಕು" ಎಂದು ಡಾಕ್ಟರು ಚಿಕ್ಕಮ್ಮನನ್ನು ಕರೆದಂತೆ ಕರೆದು ಅಂದಳು. "ನಮ್ಮ ಅಜ್ಜೀಗೂ ಇದ್ವು. ಸಣ್ಣಾಕಿ ಇದ್ದಾಗಿಂದ ದಮ್ಮು ಅದ, ಹೌದಿಲ್ಲ?"

ಕಸ್ತೂರಬಾಯಿ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಹೌದು ಎನ್ನಲು ಆಕೆಗೆ ಐವತ್ತು ವರ್ಷ ಬೇಕಾಯಿತು.

ಎಕೋ ಮಾಡಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಇತ್ತು. ಹುಟ್ಟುವಾಗಲೇ ಇದ್ದದ್ದು. ಶ್ವಾಸಕೋಶದಿಂದ ಶುದ್ಧವಾಗಿ ಬಂದ ರಕ್ತ ಮೈಗೆ ಹೋಗುವ ಬದಲು ಒಂದಷ್ಟು ಆ ತೂತಿನಿಂದ ಎಡಗಡೆಯಿಂದ ಬಲಗಡೆಗೆ ಸೋರಿ, ತಿರುಗಿ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಮನೆಗೆಂದು ಹೊತ್ತು ತಂದ ನೀರನ್ನು ಯಾರೋ ಹಿಂದಿನ ಬಾಗಿಲಿನಿಂದ ಮತ್ತೆ ಟಾಕಿಗೆ ಸುರಿದಂತೆ. ಹೃದಯದ ಬಲಭಾಗ ಈ ಹೆಚ್ಚಿನ ಹೊರೆ ಹೊತ್ತು ಹೊತ್ತು ಹಿಗ್ಗಿಹೋಗಿತ್ತು.

ಬಸಣ್ಣ ಜನ್ಮವಿಡೀ ಅರಿವೆಯ ಜೊತೆ ಕಳೆದವನು. ಅವನಿಗೆ ತೂತು ಅಂದರೆ ತೇಪೆ. ಹೊಲಿಗೆ ಎಲ್ಲಿ ಹಾಕುತ್ತೀರಿ, ಎದೆ ಸೀಳಬೇಕೇ ಎಂದು ಕೇಳಿದ. ಸೀಳುವುದೂ ಇಲ್ಲ, ಹೊಲಿಯುವುದೂ ಇಲ್ಲ ಅಂದಳು ಡಾಕ್ಟರು. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ನಳಿಗೆಯೊಂದನ್ನು ಹೃದಯದ ತನಕ ತೂರಿಸುತ್ತಾರೆ. ಅದರೊಳಗೆ ಸಣ್ಣ ತಂತಿಯ ಜಾಳಿಗೆಯಿಂದ ಹೆಣೆದ ಎರಡು ಬಿಲ್ಲೆ ಮಡಚಿಕೊಂಡು ಹೋಗುತ್ತವೆ. ಒಂದು ಬಿಲ್ಲೆ ಗೋಡೆಯ ಆಚೆ ಅರಳುತ್ತದೆ, ಇನ್ನೊಂದು ಈಚೆ ಅರಳುತ್ತದೆ, ನಡುವೆ ತೂತು ಮುಚ್ಚಿಹೋಗುತ್ತದೆ. ತಿಂಗಳು ಕಳೆದಂತೆ ಅದರ ಮೇಲೆ ಮೈಯ ಪೊರೆಯೇ ಬೆಳೆದುಕೊಳ್ಳುತ್ತದೆ. ಆದರೆ ಎಲ್ಲರ ತೂತಿಗೂ ಇದು ಒಗ್ಗುವುದಿಲ್ಲ. ಬಿಲ್ಲೆ ಹಿಡಿದುಕೊಳ್ಳಲು ತೂತಿನ ಸುತ್ತ ಗಟ್ಟಿ ಅಂಚು ಬೇಕು, ಶ್ವಾಸಕೋಶದ ಒತ್ತಡ ಮಿತಿ ಮೀರಿರಬಾರದು. ಗಂಟಲಲ್ಲಿ ನಳಿಗೆ ಇಳಿಸಿ ಇನ್ನೊಮ್ಮೆ ಹತ್ತಿರದಿಂದ ನೋಡಬೇಕು.

ನೋಡಿದರು. ಅಂಚು ಚೆನ್ನಾಗಿತ್ತು. ಒತ್ತಡ ಏರಿತ್ತು, ಆದರೆ ಹೊತ್ತು ಮೀರಿರಲಿಲ್ಲ. ಖೋಟಾ ಬಳೆ, ಸರ ಹಾಕಿಕೊಂಡರೆ ಮೈ ಕೆರೆಯುತ್ತದೆಯೇ ಎಂದು ಕೇಳಿದರು, ಬಿಲ್ಲೆಯ ತಂತಿಯಲ್ಲಿ ನಿಕ್ಕಲ್ ಇರುತ್ತದಂತೆ. ಇಲ್ಲ ಅಂದಳು ಕಸ್ತೂರಬಾಯಿ.

ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಬಸಣ್ಣ, ಹೆಂಡತಿಯ ಕಡೆ ನೋಡದೆ, ತಾನು ಎಂಥ ಗಂಡಸು, ಇಷ್ಟು ವರ್ಷ ಮಗ್ಗುಲಲ್ಲಿ ಮಲಗಿದವಳ ಉಸಿರು ಕೇಳಿಸಲಿಲ್ಲವಲ್ಲ ಅಂದ. ಆಕೆ ಅವನನ್ನು ಸಮಾಧಾನ ಮಾಡಲಿಲ್ಲ. ಆಕೆಯ ಮನಸ್ಸು ಅಲ್ಲಿರಲೇ ಇಲ್ಲ. ತೂತು, ನಳಿಗೆ, ಬಿಲ್ಲೆ ಯಾವುದರ ಅಂಜಿಕೆಯೂ ಆಕೆಗಿರಲಿಲ್ಲ. ಒಂದೇ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು: ಇನ್ನು ಅಕ್ಕನಿಗೆ ಗೊತ್ತಾಗುತ್ತದೆ. ಆ ದಿನ ನಾನು ಬೇಕೆಂದು ಕೂತಿರಲಿಲ್ಲ ಎಂದು ಗೊತ್ತಾಗುತ್ತದೆ. ಗೊತ್ತಾದರೆ ಆಕೆ ಬರುತ್ತಾಳೆ.

"ವೈನಿಗೂ ಹೇಳ್ರಿ ಅಂತ ಅಣ್ಣಗ ಹೇಳೀನಿ" ಅಂದ ಬಸಣ್ಣ, ಅತ್ತಿಗೆಗೂ ಸುದ್ದಿ ಮುಟ್ಟಲೆಂದು ಮಾಡಿದ ಫೋನು ಇಡುತ್ತ. ಮರುದಿನ ಉತ್ತರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಾಗಿಲಲ್ಲಿ ಯಾರ ಚಪ್ಪಲಿ ಸದ್ದಾದರೂ ಕಸ್ತೂರಬಾಯಿ ಕೂದಲು ಸರಿಮಾಡಿಕೊಂಡಳು. ಬಂದವರೆಲ್ಲ ಬೇರೆಯವರು. ಒಬ್ಬಳು ಚಿಂತೆಯಿಂದ ಹೃದಯಕ್ಕೆ ತೂತು ಬೀಳುತ್ತದೆ ಅಂದಳು. ಇನ್ನೊಬ್ಬ ಮುದುಕ, ಎದೆಯಲ್ಲಿ ಲೋಹ ಕೂಡಿಸಿಕೊಂಡರೆ ಗುಡಿಯ ಬಾಗಿಲ ಮಷೀನು ಕಿರುಚುವುದಿಲ್ಲವೇ, ಪೋಲೀಸರು ಹಿಡಿದರೆ ಏನನ್ನು ತೆಗೆದು ತೋರಿಸುತ್ತೀ ಎಂದು ಚಹದ ಬಟ್ಟಲು ಕೈಯಲ್ಲಿ ಹಿಡಿದು ಗಂಭೀರವಾಗಿ ಕೇಳಿದ.

ಆಸ್ಪತ್ರೆಗೆ ಸೇರಿದ ದಿನ ಮಧ್ಯಾಹ್ನ ಲಕ್ಷ್ಮೀಬಾಯಿ ಬಂದಳು. ಹಿಂದೆ ಚನ್ನವೀರಪ್ಪ. ಕಸ್ತೂರಬಾಯಿ ಹಾಸಿಗೆಯಿಂದ ಅರ್ಧ ಎದ್ದಳು, ಮುಖವೆಲ್ಲ ಬೆಳಕಾಗಿ. ಲಕ್ಷ್ಮೀಬಾಯಿ ಕೂಡಲಿಲ್ಲ. ಮಂಚದ ಕಾಲ ಹತ್ತಿರ ನಿಂತೇ ಕೇಳಿದಳು.

"ಹುಟ್ಟಿದಾಗಿಂದ ಅದಂತಲ್ಲ."

"ಹೌದಕ್ಕಾ."

"ನಿನಗ ಗೊತ್ತಿತ್ತು?"

"ತೂತು ಅದ ಅಂತ ಗೊತ್ತಿರಲಿಲ್ಲ. ದಮ್ಮು ಹತ್ತೂದು ಗೊತ್ತಿತ್ತು. ಅವ್ವ ಯಾರಿಗೂ ಹೇಳಬ್ಯಾಡ ಅಂದಿದ್ಲು."

"ಆ ದಿನ, ನಳದ ಕಟ್ಟಿ ಮ್ಯಾಲ?"

"ಕಣ್ಣು ಕತ್ತಲಿ ಬಂದಿತ್ತಕ್ಕಾ. ನಿನ್ನ ದನಿ ಕೇಳತಿತ್ತು, ನೀ ಕಾಣತಿರಲಿಲ್ಲ."

ಲಕ್ಷ್ಮೀಬಾಯಿ ತನ್ನ ಮುರಿದು ಕೂಡಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಮುಖ ಮೆತ್ತಗಾಗುತ್ತದೆ ಎಂದು ಕಸ್ತೂರಬಾಯಿ ಕಾದಳು. ಅದು ಕಲ್ಲಾಯಿತು.

"ನಿಮ್ಮವ್ವ ಅತ್ತಿ ಮಾವಗ ಹೇಳಬ್ಯಾಡ ಅಂದ್ಲು, ಗಂಡಗ ಹೇಳಬ್ಯಾಡ ಅಂದ್ಲು, ಖರೆ. ತಾಯಿ ಜೀವ, ಅಂಜಿತು. ನಾ ಯಾರು? ಒಂದಽ ಒಲಿ ಮುಂದ ಕುಂತೀವಿ. ನಿನ್ನ ತಲಿ ಬಾಚೀನಿ. ಮೈಗಳ್ಳಿ, ಮೈಗಳ್ಳಿ ಅಂತ ದಿನಾ ಅಂದೀನಿ, ನೀ ನಕ್ಕೋತ ಕುಂತಿ. ನನ್ನ ಬಾಯಿ ಹೊಲಸಾಗೂದು ನೋಡಕೋತ ನಕ್ಕಿ ನೀ." ಆಕೆಯ ದೊಡ್ಡ ದನಿ ಅಲ್ಲಿಗೆ ಒಡೆಯಿತು. "ಸೋಮಾರಿ ಆಗಿದ್ರ ಹೊಟ್ಟಿಗಿ ಹಾಕ್ಕೋತಿದ್ದೆ. ಇದನ್ನ ಹೆಂಗ ಹಾಕ್ಕೊಳ್ಳಲಿ?"

ತಂದಿದ್ದ ಮೋಸಂಬಿಯ ಚೀಲವನ್ನು ಮಂಚದ ಮೇಲೆ ಇಟ್ಟು ನಡೆದುಬಿಟ್ಟಳು. ಚನ್ನವೀರಪ್ಪ, ಹಣ್ಣು ತಿನ್ನು ಎಂದು ಸನ್ನೆ ಮಾಡಿ ಹೆಂಡತಿಯ ಹಿಂದೆ ಓಡಿದ.

ಮರುದಿನ ಕಸ್ತೂರಬಾಯಿಯ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಬಸಣ್ಣನ ಕೈಗೆ ಕೊಟ್ಟರು. ತಣ್ಣನೆಯ ಕೋಣೆ, ತಲೆಯ ಮೇಲೆ ದೊಡ್ಡ ಯಂತ್ರ. ಅರಿವಳಿಕೆ ಏರುವ ಮುಂಚೆ ಆಕೆ ದೇವರನ್ನು ನೆನೆಯಬೇಕೆಂದುಕೊಂಡಳು. ನೆನಪಾದದ್ದು ಅಕ್ಕನ ಹಿಂಬದಿ, ಬಾಗಿಲು ದಾಟಿ ಹೋಗುತ್ತಿದ್ದ ಅಗಲ ಬೆನ್ನು. ಕಣ್ಣು ತೆರೆದಾಗ ಎಲ್ಲ ಮುಗಿದಿತ್ತು. ತೊಡೆಯ ಸಂದಿನಲ್ಲಿ ಒಂದು ಸಣ್ಣ ಪಟ್ಟಿ, ಕಾಲು ಮಡಚಬಾರದೆಂಬ ಅಪ್ಪಣೆ, ಅಷ್ಟೇ. ಡಾಕ್ಟರು ಪರದೆಯ ಮೇಲೆ ತೋರಿಸಿದಳು. ಮಂಗಳಸೂತ್ರದ ಎರಡು ಬಟ್ಟಲನ್ನು ಬೆನ್ನಿಗೆ ಬೆನ್ನು ಹಚ್ಚಿದಂತೆ, ಗೋಡೆಯ ಆಚೆ ಒಂದು, ಈಚೆ ಒಂದು. ಬಿಡುವ ಮುಂಚೆ ಎಳೆದು ಜಗ್ಗಿ ನೋಡಿದ್ದೇವೆ, ಅಲುಗುವುದಿಲ್ಲ ಅಂದಳು. ಬಸಣ್ಣ ಕನ್ನಡಕ ಏರಿಸಿ ನೋಡಿ, ಕೆಲಸ ಚೊಕ್ಕ ಆಗಿದೆ ಎಂದು ವ್ಯಾಪಾರಿಯ ತೀರ್ಪು ಕೊಟ್ಟ.

ಉಸಿರು ಒಂದೇ ದಿನಕ್ಕೆ ಬರಲಿಲ್ಲ. ರಕ್ತ ತೆಳುವಾಗುವ ಗುಳಿಗೆ ನುಂಗುತ್ತ, ಭಾರ ಎತ್ತದೆ, ತಿಂಗಳುಗಟ್ಟಲೆ ಕಳೆದಳು. ಮೊದಲು ಸಿದ್ಧೇಶ್ವರ ಕೆರೆಯ ದಂಡೆಯ ತನಕ ನಡೆದಳು, ಆಮೇಲೆ ಅದರ ಸುತ್ತ. ಒಂದು ಬೆಳಗ್ಗೆ ಕೆರೆ ಸುತ್ತಿ ಬಂದು ನೋಡಿದರೆ ಬಾಯಿ ಮುಚ್ಚಿಯೇ ಇತ್ತು. ಮೂಗಿನಿಂದಲೇ ಉಸಿರು ಬಂದು ಹೋಗುತ್ತಿತ್ತು, ಮಂದಿಗೆಲ್ಲ ಬಂದು ಹೋಗುವ ಹಾಗೆ. ಆಕೆ ಅಲ್ಲೇ ಕಲ್ಲ ಮೇಲೆ ಕೂತು ಅತ್ತಳು. ಉಸಿರು ಬಂದಿತ್ತು. ತೋರಿಸಬೇಕಾದವಳು ಬಂದಿರಲಿಲ್ಲ.

ಚನ್ನವೀರಪ್ಪ ಮಾಲಿಗೆ ಬಂದಾಗಲೆಲ್ಲ ಆಕೆ ಅಕ್ಕನ ಬಗ್ಗೆ ಕೇಳಿದಳು. ನಿನ್ನ ಸುದ್ದಿ ಹೇಳಿದರೆ ಕೇಳುತ್ತಾಳೆ, ಎದ್ದು ಹೋಗುವುದಿಲ್ಲ, ಆದರೆ ಮಾತೂ ಆಡುವುದಿಲ್ಲ ಅಂದ ಅವನು. ಒಲೆಯ ಮುಂದೆ ಒಬ್ಬಳೇ ಕೂತು ಯಾರನ್ನೋ ಬೈಯುತ್ತಾಳೆ, ಬೈದು ಮುಗಿಸಿ ಅಳುತ್ತಾಳೆ, ಹೋಗಿ ಏನು ಎಂದು ಕೇಳಿದರೆ ನನ್ನನ್ನೇ ಬೈಯುತ್ತಾಳೆ ಎಂದೂ ಹೇಳಿದ.

ಆರು ತಿಂಗಳ ಎಕೋದಲ್ಲಿ ಸೋರಿಕೆ ಒಂದು ಹನಿಯೂ ಕಾಣಲಿಲ್ಲ. ಮನೆಗೆ ಬಂದವಳೇ ಕಸ್ತೂರಬಾಯಿ, ನಾಳೆ ಅಕ್ಕಲಕೋಟಕ್ಕೆ ಹೋಗುತ್ತೇನೆ ಅಂದಳು. ಬಸಣ್ಣ ಗಾಡಿ ಮಾಡಿಕೊಡುತ್ತೇನೆ ಅಂದ, ನಿತಿನ ತಾನು ಬರುತ್ತೇನೆ ಅಂದ. ಎರಡೂ ಬೇಡ ಅಂದಳು. ಇದು ಕರೆಸಿಕೊಂಡು ಹೋಗುವ ಮನೆಯಲ್ಲ, ಕರೆದುಕೊಂಡು ಹೋಗುವ ಮನೆಯೂ ಅಲ್ಲ.

ಎಸ್ಟಿ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತಳು. ವಳಸಂಗದಲ್ಲಿ ಮಂದಿ ಇಳಿದರು, ಹತ್ತಿದರು. ಎರಡೂ ಕಡೆ ತೊಗರಿಯ ಹೊಲ. ಅಕ್ಕ ಬಾಗಿಲು ತೆರೆಯದಿದ್ದರೆ ಏನು ಮಾಡಬೇಕೆಂದು ಯೋಚಿಸಿದಳು. ಬಾಗಿಲ ಹೊರಗೇ ಕೂತು ಬರುವುದು, ಇನ್ನೊಂದು ದಿನ ಮತ್ತೆ ಹೋಗುವುದು. ಇನ್ನು ಉಸಿರಿಗೇನು ಕೊರತೆ?

ಅಕ್ಕಲಕೋಟದಲ್ಲಿ ದರ್ಶನದ ಮಂದಿಯ ನಡುವೆ ದಾರಿ ಮಾಡಿಕೊಂಡು ಅಂಗಡಿ ಮುಟ್ಟಿದಳು. ಗಾದಿಯ ಮೇಲಿದ್ದ ಚನ್ನವೀರಪ್ಪ ಆಕೆಯನ್ನು ಕಂಡು ಎದ್ದು, ಮೇಲಕ್ಕೆ ಮುಖ ಮಾಡಿ ಹೆಂಡತಿಯನ್ನು ಕೂಗಲು ಬಾಯಿ ತೆರೆದ. ಕಸ್ತೂರಬಾಯಿ ಕೈ ಅಡ್ಡ ಹಿಡಿದು ಬೇಡ ಅಂದಳು. ಮನೆ ಅಂಗಡಿಯ ಮೇಲೆ. ಪಕ್ಕದಲ್ಲಿ ಇಕ್ಕಟ್ಟಾದ ಕಡಿದಾದ ಮೆಟ್ಟಿಲು.

ಬಾಳಿವೇಸದ ಮನೆಯಲ್ಲಿ ಆಕೆ ಮಾಳಿಗೆ ಹತ್ತಿದರೆ ಮನೆಗೆಲ್ಲ ತಿಳಿಯುತ್ತಿತ್ತು. ನಾಲ್ಕು ಹೆಜ್ಜೆ, ಒಂದು ನಿಲುಗಡೆ, ಸುಳ್ಳು ಕೆಮ್ಮು, ಮತ್ತೆ ನಾಲ್ಕು ಹೆಜ್ಜೆ. ಲಕ್ಷ್ಮೀಬಾಯಿ ತಲೆ ಎತ್ತದೆಯೇ, ನಿಮ್ಮ ಕಾಕು ಇನ್ನೂ ತಿರುವಿನಲ್ಲಿದ್ದಾಳೆ, ಬರುವಷ್ಟರಲ್ಲಿ ನೀವು ಉಂಡು ಏಳಿರಿ ಎಂದು ಹುಡುಗರನ್ನು ನಗಿಸುತ್ತಿದ್ದಳು. ಇಂದು ಕಸ್ತೂರಬಾಯಿ ನಿರಿಗೆ ಎತ್ತಿ ಹಿಡಿದು ಹತ್ತಿದಳು. ತಿರುವು ಬಂತು, ಹೋಯಿತು. ಕಾಲು ನಿಲ್ಲಲಿಲ್ಲ.

ಒಳಗಿನಿಂದ ಲಕ್ಷ್ಮೀಬಾಯಿಯ ದನಿ ಬಂತು. "ಯಾರವರು? ಅಂಗಡಿ ಕೆಳಗದರಿ. ಮ್ಯಾಲ ಮನಿ ಅದ."

ಕಸ್ತೂರಬಾಯಿ ಬಾಗಿಲು ತಟ್ಟಿದಳು. ಬಾಗಿಲು ತೆರೆಯಿತು. ಲಕ್ಷ್ಮೀಬಾಯಿ ಆಕೆಯನ್ನು ನೋಡಿದಳು. ಆಮೇಲೆ ಆಕೆಯ ಹೆಗಲ ಮೇಲಿಂದ ಬಗ್ಗಿ ಮೆಟ್ಟಿಲ ಕಡೆ ನೋಡಿದಳು, ಹತ್ತಿ ಬಂದವರು ಇನ್ನಾರೋ ಇರಬೇಕೆಂಬಂತೆ.

"ಈಗ ಹತ್ತಿ ಬಂದಾಕಿ ನೀನಽ?"

"ಹೌದಕ್ಕಾ."

"ನಡುವ ನಿಂದರಲಿಲ್ಲ?"

"ಇಲ್ಲ."

ಲಕ್ಷ್ಮೀಬಾಯಿ ಬಾಗಿಲಿನಿಂದ ಸರಿಯಲಿಲ್ಲ. ಕಸ್ತೂರಬಾಯಿಯ ಮುಚ್ಚಿದ ಬಾಯಿಯನ್ನು, ಏರಿಳಿಯದ ಸೆರಗನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: "ಇಳದು ಇನ್ನೊಮ್ಮಿ ಹತ್ತು. ನಾ ಒಳಗ ಕುಂತು ಕೇಳ್ತೀನಿ."

ಬಾಗಿಲು ಮುಚ್ಚಿತು. ಕಸ್ತೂರಬಾಯಿ ಕೆಳಗಿಳಿದಳು. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಚನ್ನವೀರಪ್ಪನ ಮುಖ ಇಳಿದುಹೋಯಿತು, ಒಳಗೆ ಕರೆಯಲಿಲ್ಲವೇ ಎಂದು ಕೇಳಿದ. ಆಕೆ ಮೇಲಕ್ಕೆ ಕಿವಿಗೊಟ್ಟಳು. ಮೇಲೆ ಪಾತ್ರೆಯ ಸದ್ದಿಲ್ಲ, ನಡೆದಾಡುವ ಸದ್ದಿಲ್ಲ. ಆಕೆ ತಿರುಗಿ, ಮೊದಲ ಮೆಟ್ಟಿಲ ಮೇಲೆ, ಮೇಲಿನ ತನಕ ಕೇಳಲೆಂದು ಗಟ್ಟಿಯಾಗಿ ಕಾಲಿಟ್ಟಳು.